ದೋಣಿಗೆ ನೀರು ಕುಡಿಸುತ್ತಿದ್ದ ಆಯಿ

ಆಯಿ ಹೋದ ಸುದ್ದಿ ತಂದವನು ನನ್ನ ಹೆಂಡತಿಯ ತಮ್ಮ ಮಲ್ಲಪ್ಪ. ಅಕ್ಕಲಕೋಟೆ ಸೀಮೆಯ ಭೀಮಾ ದಂಡೆಯ ಹಳ್ಳಿಯಿಂದ ಅವನು ಸೊಲ್ಲಾಪುರದ ನಮ್ಮ ಚಾಳಿನ ಮನೆಗೆ ವರ್ಷಕ್ಕೊಮ್ಮೆ ಬರುತ್ತಾನೆ. ಬರುವಾಗ ಅಕ್ಕನಿಗೆಂದು ಅರ್ಧ ಚೀಲ ಜೋಳ, ಒಂದು ಕಟ್ಟು ಪುಂಡಿಪಲ್ಯ ತರುತ್ತಾನೆ. ಚೀಲ ಇಳಿಸಿ, ತಂಬಿಗೆ ನೀರು ಕುಡಿದು, ಮಳೆ ಬೆಳೆಯ ಮಾತೆಲ್ಲ ಮುಗಿದ ಮೇಲೆ, "ದಂಡಿ ಮ್ಯಾಲಿನ ಮುದುಕಿ ಹ್ವಾದಳು, ದಾಜಿ" ಅಂದ. ಅಕ್ಕನ ಗಂಡನನ್ನು ನಮ್ಮ ಕಡೆ ಮರಾಠಿಯವರ ಹಾಗೆ ದಾಜಿ ಅಂತಲೇ ಕರೆಯುವುದು. ಎಮ್ಮೆ ಈದ ಸುದ್ದಿ ಹೇಳುವಾಗಲೂ ಅವನ ದನಿ ಇದಕ್ಕಿಂತ ಏರಿರುತ್ತದೆ.

ಆಕೆಯ ಹೆಸರು ನನಗೆ ಗೊತ್ತು. ಬರೆಯುವುದಿಲ್ಲ. ಬದುಕಿದ್ದಾಗ ಆ ಹೆಸರು ಹಿಡಿದು ಕರೆದವರಿಲ್ಲ. ಈಗ ನಾನು ಕರೆದು ಯಾವ ಉಪಕಾರ ಮಾಡಬೇಕಾಗಿದೆ? ಊರಿನವರಿಗೆ ಮುಪ್ಪಾದ ಹೆಂಗಸರೆಲ್ಲ ಆಯಿಯೇ. ನನಗೂ ಆಯಿಯೇ ಆಗಿದ್ದಳು. ನಾನು ಆಕೆಗೆ ಏನಾಗಿದ್ದೆ ಅನ್ನುವುದನ್ನು ಹೇಳಲಿಕ್ಕೆ ಇಷ್ಟು ಬರೆಯುತ್ತಿದ್ದೇನೆ.

ಕುಳ್ಳು ಹೆಂಗಸು. ಕಚ್ಚೆ ಹಾಕಿ ಉಟ್ಟ ಸೀರೆ, ಬೋಳು ಹಣೆ, ಸುಟ್ಟ ತಂಬಾಕಿನ ಮಿಸ್ರಿ ತಿಕ್ಕಿ ತಿಕ್ಕಿ ಕಪ್ಪಾದ ಹಲ್ಲು. ಬೆಳಗ್ಗೆ ಎದ್ದವಳೇ ದಂಡೆಯ ಉದ್ದಕ್ಕೂ ನಡೆಯುವಳು. ಎಳೆದು ಬೋರಲು ಹಾಕಿದ ದೋಣಿಗಳ ಮೈಗೆ ಅಂಗೈಯನ್ನಲ್ಲ, ಹಿಂಗೈಯನ್ನು ಇಟ್ಟು ನೋಡುವಳು, ಜ್ವರ ಬಂದ ಕೂಸಿನ ಹಣೆ ನೋಡುವ ಹಾಗೆ. ಬೈಯುವುದೂ ಉಂಟು. "ನಿನ್ನ ಮಾಲಕ ನಿನ್ನ ಬಿಸಲಾಗ ಒಗದಾನ, ನೀ ಸುಮ್ನ ಬಿದ್ದೀಯಲ್ಲ, ಖೋಡಿ" ಎಂದು ಒಂದು ದೋಣಿಗೆ ಹೇಳುತ್ತಿದ್ದುದನ್ನು ನಾನೇ ಕೇಳಿದ್ದೇನೆ. ಮಾಲೀಕ ಪಕ್ಕದಲ್ಲೇ ಕೂತು ಬಲೆ ಹೆಣೆಯುತ್ತಿದ್ದ. ಅದು ತನಗೆ ಹೇಳಿದ್ದೆಂದು ಅವನಿಗೆ ಗೊತ್ತಾಗಿ, ಎದ್ದು ಹೋಗಿ ದೋಣಿಯ ಮೇಲೆ ಹಸಿ ಗೋಣಿಚೀಲ ಹೊದಿಸಿದ.

ಆಕೆಯ ಗಂಡ ದೋಣಿ ಕಟ್ಟುವ ಬಡಿಗ. ಹಲಗೆ ಕೂಡಿಸುವುದು ಗಂಡಸರ ಕೆಲಸ, ಹಲಗೆಯ ನಡುವಿನ ಸಂದಿಗೆ ನಾರು ತುಂಬುವುದು ಹೆಂಗಸರ ಕೆಲಸ. ಇಪ್ಪತ್ತು ವರ್ಷ ದೋಣಿಯ ಹೊಟ್ಟೆಯ ಕೆಳಗೆ ಕೂತು ಸಂದು ತುಂಬಿದವಳು ಆಕೆ. ಊರೂರೇ ಹಾಸಿಗೆ ಹಿಡಿದ ಆ ದೊಡ್ಡ ಜ್ವರದ ವರ್ಷ ಗಂಡ ಹೋದ. ವಿದ್ಯೆ ಆಕೆಯ ಕೈಯಲ್ಲೇ ಉಳಿಯಿತು. ಆಚೆ ದಂಡೆ ಈಚೆ ದಂಡೆಯ ಐದಾರು ಹಳ್ಳಿಯವರು ಆಯಿಯನ್ನು ಕರೆದೊಯ್ಯದೆ ದೋಣಿ ಕೊಳ್ಳುತ್ತಿರಲಿಲ್ಲ.

ಆದರೆ ಒಂದು ಕಟ್ಟಳೆ ಇತ್ತು. ದೋಣಿ ಆರಿಸುವಾಗ ಆಯಿ ಬೇಕು, ಇಳಿಸುವಾಗ ಆಯಿ ಬೇಡ. ಹೊಸದಾಗಿ ಕೊಂಡ ದೋಣಿ ನೀರಿಗಿಳಿಯುವ ದಿನ ಗಂಡ ಸತ್ತ ಹೆಂಗಸಿನ ಕಣ್ಣು ಅದರ ಮೇಲೆ ಬೀಳಬಾರದು. ಅವತ್ತು ಆಕೆ ಗುಡಿಸಲ ಬಾಗಿಲು ಹಾಕಿಕೊಂಡು ಒಳಗೆ ಕೂರಬೇಕು. ಮೊದಲ ಬಲೆಯ ಒಂದು ಮೀನನ್ನು ಯಾರಾದರೂ ತಂದು ಹೊಸ್ತಿಲ ಮೇಲೆ ಇಟ್ಟು ಬಾಗಿಲು ಬಡಿದಾಗಲೇ ಹೊರಗೆ ಬರಬೇಕು. ಆ ಮೀನು, ಆಮೇಲೆ ಆಗಾಗ ಒಂದು ಸೇರು ಜೋಳ, ಇಷ್ಟೇ ಆಕೆಯ ಜೀವನ. ಬೇಜಾರಾಗುವುದಿಲ್ಲವೇ ಆಯಿ ಎಂದು ಒಮ್ಮೆ ಕೇಳಿದೆ. ಮಿಸ್ರಿ ಉಗುಳಿ, ಮೀನಿಗೆ ಬೇಜಾರಾಗುವುದಿಲ್ಲ, ನನಗೇಕೆ ಎಂದಳು.

ನಾನು ಆ ದಂಡೆಗೆ ಹೋದದ್ದು ಹೊಟ್ಟೆಗಿಲ್ಲದೆ. ಜಾತಿಯಿಂದ ನಾವು ಮೀನು ಹಿಡಿಯುವ ಹೊಳೆಯವರೇ. ಆದರೆ ಅಜ್ಜನ ಕಾಲಕ್ಕೇ ಹೊಳೆ ಬಿಟ್ಟು ಸೊಲ್ಲಾಪುರ ಸೇರಿದವರು. ಅಪ್ಪ ಮಿಲ್ಲಿನಲ್ಲಿ ಸತ್ತ, ನಾನು ಮಿಲ್ಲಿನಲ್ಲಿ ಬೆಳೆದೆ. ಅಲ್ಲಿ ನಾನಿದ್ದ ವಿಭಾಗ ಗಂಜಿ ಖಾತೆ. ಮಗ್ಗದ ಹಾಸಿನ ನೂಲನ್ನು ಕುದಿಯುವ ಹಿಟ್ಟಿನ ಗಂಜಿಯಲ್ಲಿ ಅದ್ದಿ ಒಣಗಿಸುವುದು. ಗಂಜಿ ಕುಡಿದ ನೂಲು ತಂತಿಯ ಹಾಗೆ ಸೆಟೆದು ನಿಲ್ಲುತ್ತದೆ, ಮಗ್ಗದ ಹೊಡೆತಕ್ಕೆ ಹರಿಯುವುದಿಲ್ಲ. ಆ ಕೆಲಸದಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಒಂದು ದಿನ ಅರ್ಧ ಖಾತೆಯನ್ನು ಮನೆಗೆ ಕಳಿಸಿದರು. ಆ ಅರ್ಧದಲ್ಲಿ ನಾನೂ ಇದ್ದೆ.

ಆಮೇಲಿನ ಏಳು ತಿಂಗಳು ಹೇಗೆ ಕಳೆದವು ಎಂದು ಕೇಳಬೇಡಿ. ಹೆಂಡತಿಯ ಎದೆಹಾಲು ಬತ್ತಿತು. ಹತ್ತು ತಿಂಗಳ ಗಂಡುಕೂಸು, ನಮ್ಮ ಮೊದಲನೆಯದು, ಅತ್ತು ಅತ್ತು ಕೊನೆಗೆ ಅಳುವುದನ್ನು ಬಿಟ್ಟಿತು. ಅಳು ನಿಂತದ್ದೇ ಸಮಾಧಾನ ಎಂದುಕೊಂಡ ಮೂರ್ಖ ನಾನು. ಮರುದಿನ ಅದನ್ನು ಮಣ್ಣು ಮಾಡಿ ಬಂದೆವು. ಆಗಲೇ ಎರಡನೆಯದು ಹೊಟ್ಟೆಯಲ್ಲಿತ್ತು. ಇದೂ ಹಾಗೇ ಹೋದರೆ ನಾನೂ ಉಳಿಯುವುದಿಲ್ಲ ಎಂದು ಹೆಂಡತಿ ಹೇಳಿದಳು. ಕೂಗಾಡಿ ಹೇಳಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ. ಒಲೆ ಮುಂದೆ ಕೂತು, ಹೊತ್ತಿಸಲು ಏನೂ ಇಲ್ಲದ ಒಲೆಯನ್ನು ನೋಡುತ್ತಾ ಹೇಳಿದಳು.

ಹೊಳೆಯ ಮೀನಿಗೆ ಮಾಲೀಕರಿಲ್ಲ, ಒಂದು ದೋಣಿ ಇದ್ದರೆ ಬದುಕಬಹುದು, ಬರ್ರಿ ಎಂದು ಮಲ್ಲಪ್ಪ ಹೇಳಿ ಕಳಿಸಿದ. ಗಂಟು ಕಟ್ಟಿದೆವು. ಕೈ ಒರೆಸಿಕೊಳ್ಳಲೆಂದು ಖಾತೆಯಲ್ಲಿ ಕೊಡುತ್ತಿದ್ದ ತುಂಡು ನೂಲಿನದೊಂದು ಮೂಟೆ ಮನೆಯಲ್ಲಿತ್ತು, ಹೆಂಡತಿಗೆ ತಲೆದಿಂಬಾಗಿದ್ದದ್ದು. ಅದನ್ನೂ ಕಟ್ಟಿಕೊಂಡು ಹೋದೆ. ಮೂಟೆ ತುಂಬ ಗಂಜಿ ಕುಡಿದ ನೂಲು.

ದೋಣಿಗೆ ಕೊಡಲು ನಮ್ಮಲ್ಲಿ ಇದ್ದದ್ದು ಒಂದೇ. ತವರಿನವರು ನನ್ನ ಹೆಂಡತಿಗೆಂದು ಬಿಟ್ಟಿದ್ದ ಒಂದು ಎಮ್ಮೆ ಮಲ್ಲಪ್ಪನ ಹಟ್ಟಿಯಲ್ಲಿತ್ತು. ಅದು ಈಯುವ ದಿನವೂ ಇವಳು ಹಡೆಯುವ ದಿನವೂ ಹೆಚ್ಚು ಕಡಿಮೆ ಒಟ್ಟಿಗೆ ಬರುವಂತಿದ್ದವು. ಕೂಸಿಗೆ ಹಾಲಾದರೂ ಸಿಗುತ್ತದೆ ಎಂಬ ಧೈರ್ಯ ಅವಳಿಗೆ. ನಾನು ಆ ಎಮ್ಮೆಯನ್ನು ಕೇಳಿದೆ. ಅವಳು ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ, "ದೋಣಿ ಛಲೋದು ನೋಡಿ ತರ್ರಿ" ಎಂದಳು.

ಆಯಿಯನ್ನು ಕರೆದುಕೊಂಡು ಮಲ್ಲಪ್ಪ, ನಾನು ಆಚೆ ದಂಡೆಯ ಒಂದು ಹಳ್ಳಿಗೆ ಹೋದೆವು. ಅಲ್ಲಿನ ರೈತನೊಬ್ಬನ ಬಳಿ ಕೊಡುವ ದೋಣಿ ಎರಡಿದ್ದವು. ಒಂದು ಡಾಂಬರು ಬಳಿದು ಕರ್ರಗೆ ಮಿಂಚುತ್ತಿತ್ತು. ಇನ್ನೊಂದು ಬಿಸಿಲಲ್ಲಿ ಬೂದಿ ಬಣ್ಣಕ್ಕೆ ತಿರುಗಿ, ಹಲಗೆ ಹಲಗೆಯ ನಡುವೆ ಬೆಳಕು ಕಾಣುತ್ತಿತ್ತು. ನನ್ನ ಕಣ್ಣು ಮಿಂಚುವುದರ ಮೇಲೆಯೇ. ಒಳಗೆ ಹತ್ತಿ ಕೂತೂ ನೋಡಿದೆ. ಪೇಟೆಯವನಿಗೆ ದೋಣಿ ಎಂದರೆ ಅದೂ ಒಂದು ಸಾಮಾನು. ಹೊಸದಾಗಿ ಕಂಡರೆ ಹೊಸದು.

ಆಯಿ ಎರಡನ್ನೂ ಕಲ್ಲಿನ ಮೇಲೆ ಎತ್ತಿ ಇಡಿಸಿದಳು. ಆಮೇಲೆ ಮಲ್ಲಪ್ಪನ ಕೈಗೆ ಕೊಡ ಕೊಟ್ಟು, ಹೊಳೆಯ ನೀರು ತಂದು ದೋಣಿಯೊಳಕ್ಕೇ ಸುರಿಯಲು ಹೇಳಿದಳು. ರೈತ ನಕ್ಕ. ದೋಣಿಯನ್ನು ನೀರಿಗೆ ಹಾಕುವುದನ್ನು ನೋಡಿದ್ದೇನೆ, ನೀರನ್ನು ದೋಣಿಗೆ ಹಾಕುವ ಹುಚ್ಚು ಯಾವುದು ಎಂದ. ಆಯಿ ಅವನ ಕಡೆ ತಿರುಗಲೇ ಇಲ್ಲ. "ಹೊಳಿಗಿ ಇಳದ ಮ್ಯಾಲ ಒಳಗ ಬರೂ ನೀರ ಕಾಣ್ತದ, ಎಲ್ಲಿಂದ ಬಂತು ಅಂಬೂದು ಕಾಣೂದಿಲ್ಲ" ಎಂದು ನನಗೆ ಹೇಳಿದಳು. "ಮೊದಲ ದಂಡಿ ಮ್ಯಾಲ ನೀರ ಕುಡಸು. ತನ್ನ ಬ್ಯಾನಿ ತಾನ ಹೇಳ್ತದ."

ಒಂದು ಗೇಣು ನೀರು ನಿಂತಿತು. ಮಿಂಚುವ ದೋಣಿ ಸ್ವಲ್ಪ ಹೊತ್ತು ಗಟ್ಟಿಯಾಗಿತ್ತು. ಆಮೇಲೆ ತಳದ ಒಂದು ಕಡೆ ಡಾಂಬರು ಉಬ್ಬಿತು. ಆಯಿ ಅಲ್ಲಿ ಹೆಬ್ಬೆರಳು ಒತ್ತಿದಳು. ಬೆರಳು ಒಳಕ್ಕೇ ಹೋಯಿತು. ಕೊಳೆತ ಮರದ ಮೇಲೆ ಬಳಿದ ಡಾಂಬರು ಅದು. ಬೂದಿ ಬಣ್ಣದ್ದು ಎಲ್ಲೆಲ್ಲೂ ಜರಡಿಯ ಹಾಗೆ ಸೋರಿತು. ಎರಡೂ ಹೋದವಲ್ಲ ಎಂದುಕೊಂಡೆ. ಆಯಿ ಮಾತ್ರ ಮತ್ತೆ ಸುರಿ ಎಂದಳು. ಎರಡು ದಿನ ಹೋಗಿ ಬಂದು ಸುರಿದೆವು. ಮೂರನೆಯ ದಿನ ಹಲಗೆಗಳು ನೆಂದು ಉಬ್ಬಿ ಒಂದಕ್ಕೊಂದು ಕಚ್ಚಿಕೊಂಡಿದ್ದವು. ಸೋರುವುದು ಒಂದೇ ಸಂದು ಉಳಿದಿತ್ತು, ಎಡಮಗ್ಗುಲಿನ ಕೆಳಗಿನದು, ಮೊಳದುದ್ದ.

"ಎಲ್ಲಾ ಕಡೆ ಸೋರಿದ್ರ ನೀರಡಿಕಿ. ಒಂದ ಕಡೆ ಸೋರಿದ್ರ ಬ್ಯಾನಿ" ಎಂದಳು. "ಇದರ ಬ್ಯಾನಿ ನಾ ನೋಡ್ಕೋತೀನಿ. ಮರ ಸಾಗವಾನಿ ಅದ. ನಿನ್ನ ಮಗನ ಕಾಲಕ್ಕೂ ಬರ್ತದ, ತಗೋ."

ಮಳೆಗೆ ಮುಂಚಿನ ತೆಳು ಹೊಳೆಯಲ್ಲಿ ದೋಣಿಯನ್ನು ಗಾಡಿಯ ಮೇಲೆ ಈಚೆ ದಂಡೆಗೆ ತಂದೆವು, ಎಮ್ಮೆಯನ್ನು ರೈತ ಹೊಡೆದುಕೊಂಡು ಹೋದ. ಅದು ಎರಡು ಸಲ ತಿರುಗಿ ಕೂಗಿತು. ನನ್ನ ಹೆಂಡತಿ ಹೊರಗೆ ಬರಲಿಲ್ಲ.

ಸಂದಿಗೆ ಪುಂಡಿ ನಾರು ಬೇಕು, ಅದು ಎಣ್ಣೆ ರಾಳದಲ್ಲಿ ಮೂರು ದಿನ ನೆನೆಯಬೇಕು, ನೆನೆಹಾಕಿದ್ದೇನೆ, ತುಂಬಿದ ಮೇಲೆ ಇನ್ನೊಮ್ಮೆ ನೀರು ಕುಡಿಸಿ ನೋಡಬೇಕು, ಅಲ್ಲಿಯವರೆಗೆ ಇಳಿಸಬೇಡ: ಆಯಿ ಹೇಳಿದ್ದು ಇಷ್ಟು. ಎರಡೆರಡು ಸಲ ಹೇಳಿದಳು. ನಾನು ಹೂಂ ಎಂದೆ.

ಅದರ ಮರುದಿನವೇ ಹೊಳೆಗೆ ಹೊಸ ನೀರು ಬಂತು. ಕೆಂಪು ನೀರಿಗೆ ಎದುರಾಗಿ ಮೀನು ಏರುವುದು ನಾಲ್ಕು ದಿನ ಮಾತ್ರ. ಊರಿನ ಬಲೆಗಳೆಲ್ಲ ತುಂಬಿ ಬರುತ್ತಿದ್ದವು. ಮನೆಯಲ್ಲಿ ನುಚ್ಚು ತೀರಿತ್ತು. ಮಲ್ಲಪ್ಪನ ಹೆಂಡತಿ ಪಾತ್ರೆಯನ್ನು ಕುಕ್ಕಿ ಇಡುವ ಸದ್ದು ದಿನದಿನಕ್ಕೆ ಜೋರಾಗುತ್ತಿತ್ತು. ನನ್ನ ಹೆಂಡತಿ ಗೋಡೆ ಹಿಡಿದು ನಡೆಯುತ್ತಿದ್ದಳು. ಇನ್ನು ಎರಡು ದಿನ ಕಾಯಬೇಕಿತ್ತು. ಬರೀ ಎರಡು ದಿನ. ಹೊಟ್ಟೆ ತುಂಬಿದವರಿಗೆ ಅದು ಎರಡು ದಿನ; ನನಗೆ ಆಗ ಹಾಗೆ ಕಾಣಲಿಲ್ಲ. ನಾಳೆ ಸೋಮವಾರ, ಒಳ್ಳೆಯ ದಿನ, ಇಳಿಸಿಬಿಡೋಣ ಎಂದು ಮಲ್ಲಪ್ಪನೂ ಅಂದ.

ಆಗ ನನಗೆ ನನ್ನ ಮೂಟೆ ನೆನಪಾಯಿತು. ಎಲ್ಲರೂ ಮಲಗಿದ ಮೇಲೆ ಹೆಂಡತಿಯ ತಲೆಯ ಕೆಳಗಿನಿಂದ ಒಂದಿಷ್ಟು ನೂಲು ಎಳೆದು ತಂದೆ. ಮಗ್ಗದ ಹೊಡೆತ ತಡೆಯುವ ನೂಲು, ಹೊಳೆಯ ನೀರು ತಡೆಯದೇ? ಹಗ್ಗದ ಹಾಗೆ ಹೊಸೆದು, ಉಳಿಯಿಂದ ಬಡಿದು ಬಡಿದು ಸಂದಿಗೆ ತುಂಬಿದೆ. ಉಗುರು ಇಳಿಯದಷ್ಟು ಗಟ್ಟಿಯಾಗಿ ಕೂತಿತು. ನನ್ನ ಕಸುಬು ಹೊಳೆಯಲ್ಲೂ ಕೆಲಸಕ್ಕೆ ಬಂತು ಎಂದು ಹೆಮ್ಮೆಯಾಯಿತು. ನೀರು ಕುಡಿಸಿ ನೋಡಲಿಲ್ಲ. ಕುಡಿಸಬೇಕೆಂದರೆ ಆಯಿಯನ್ನು ಕರೆಯಬೇಕು. ಬೆಳಗಾದರೆ ಇಳಿಸುವ ದಿನ, ಆಕೆಯ ಮುಖ ನೋಡುವ ಹಾಗಿಲ್ಲ. ಹತ್ತು ವರ್ಷ ಗಂಜಿ ಖಾತೆಯಲ್ಲಿ ದುಡಿದವನಿಗೆ, ಗಂಜಿ ನೀರಿಗೆ ಕರಗುತ್ತದೆ ಎನ್ನುವುದು ಹೊಸದೇನಲ್ಲ, ಮೂರು ವರ್ಷದ ಮಗುವೂ ಹೇಳಬಹುದಾಗಿದ್ದ ಮಾತು. ನನಗೆ ಹೊಳೆಯಲಿಲ್ಲ.

ಬೆಳಗ್ಗೆ, ಸಂದು ತುಂಬಿದ್ದೇನೆ ಎಂದಷ್ಟೇ ಮಲ್ಲಪ್ಪನಿಗೆ ಹೇಳಿದೆ; ದೋಣಿ ಹೊತ್ತು ನಾಲ್ವರು ಆಯಿಯ ಗುಡಿಸಲ ಮುಂದೆಯೇ ಹೋದೆವು. ಬಾಗಿಲು ಹಾಕಿತ್ತು. ಕಾಯಿ ಒಡೆದು, ಕುಂಕುಮ ಹಚ್ಚಿ, ಮಲ್ಲಪ್ಪ ಹುಟ್ಟು ಹಿಡಿದ. ನಾನು ಬಲೆ ಹಿಡಿದು ಕೂತೆ. ದೋಣಿ ದಂಡೆ ಬಿಡುವುದಕ್ಕೂ ಆಯಿ ಬಾಗಿಲು ತೆಗೆದು ಓಡಿ ಬರುವುದಕ್ಕೂ ಸರಿಹೋಯಿತು. "ನೀರ ಕುಡಸಿಲ್ಲ, ಇಳಸಬ್ಯಾಡ್ರಿ" ಎಂದು ಕೂಗುತ್ತಾ ಬಂದಳು. ದಂಡೆಯ ಮೇಲಿದ್ದ ಹೆಂಗಸರು ಆಕೆಯನ್ನು ಅಡ್ಡಗಟ್ಟಿದರು. ಮಲ್ಲಪ್ಪ ಮುಖ ತಿರುಗಿಸಿ ಹುಟ್ಟು ಹಾಕಿದ. ನಾನೂ ತಿರುಗಿ ನೋಡಲಿಲ್ಲ.

ಅರ್ಧ ಹೊಳೆ ದಾಟಿರಲಿಲ್ಲ, ಪಾದಕ್ಕೆ ತಣ್ಣಗಾಯಿತು. ಬಗ್ಗಿ ನೋಡಿದೆ. ಹೊಳೆಯ ನೀರು ಕೆಂಪು. ನನ್ನ ಕಾಲಡಿಯ ನೀರು ಬೆಳ್ಳಗಿತ್ತು. ವಾಸನೆ ಮೂಗಿಗೆ ಬಡಿಯಿತು. ಅದು ನನ್ನ ಖಾತೆಯ ವಾಸನೆ. ಸಂದಿನಲ್ಲಿ ಬೆರಳಿಟ್ಟೆ. ತಂತಿಯಂತಿದ್ದ ನೂಲು ಬೆಂದ ಶಾವಿಗೆಯ ಹಾಗೆ ಮೆತ್ತಗಾಗಿ ಕೈಗೆ ಬಂತು, ಅದರ ಹಿಂದೆಯೇ ನೀರು ನುಗ್ಗಿತು. ನಾನು ಗಾಬರಿಯಿಂದ ಎದ್ದು ನಿಂತೆ. ನಿಲ್ಲಬಾರದಾಗಿತ್ತು. ದೋಣಿ ಒಂದೇ ಮಗ್ಗುಲಿಗೆ ಹೊರಳಿತು.

ಮಲ್ಲಪ್ಪನಿಗೆ ಈಜು ಬರುತ್ತಿತ್ತು. ನನಗೆ ಬರುತ್ತಿರಲಿಲ್ಲ; ಹೊಳೆಯವರ ಮಗ, ಚಾಳಿನ ನಳದ ನೀರಿನಲ್ಲಿ ಬೆಳೆದವನು. ಎರಡು ಸಲ ಮುಳುಗಿದ್ದು ಗೊತ್ತು. ಮೂರನೆಯ ಸಲ ಯಾರೋ ಕೂದಲು ಹಿಡಿದು ಎಳೆದರು. ಎದೆಗೆ ಎರಡು ಒಣ ಸೋರೆ ಬುರುಡೆ ಕಟ್ಟಿಕೊಂಡು ಈಜಿ ಬಂದಿದ್ದವಳು ಆಯಿ. ಅರವತ್ತರ ಮುದುಕಿ. ಬುರುಡೆಯೊಂದನ್ನು ನನ್ನ ಕಂಕುಳಿಗೆ ತುರುಕಿ ದಂಡೆಗೆ ತಂದು ಹಾಕಿದಳು. ದೋಣಿ ಹೊಸ ನೀರಿನ ಸೆಳವಿಗೆ ಸಿಕ್ಕಿ, ಕೆಳಗಿನ ಬಂಡೆಗಳಿಗೆ ಬಡಿದು ಹಲಗೆ ಹಲಗೆಯಾಗಿ ಹೋಯಿತು.

ನನ್ನ ಮುಷ್ಟಿ ಬಿಗಿದೇ ಇತ್ತು. ಆಯಿ ಅದನ್ನು ಬಿಡಿಸಿದಳು. ಒಳಗೆ ಒಂದು ಹಿಡಿ ನೂಲು. ಒಂದು ಎಳೆ ತೆಗೆದು ನಾಲಿಗೆಗೆ ಮುಟ್ಟಿಸಿ ನೋಡಿದಳು. ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ, "ಗಂಜಿ ತೊಳದಿದ್ರ ಇದ ನೂಲ ನಡೀತಿತ್ತಲ್ಲೋ, ತಮ್ಮಾ" ಎಂದಳು.

ಅಷ್ಟರಲ್ಲಿ ಮಲ್ಲಪ್ಪ ನೀರು ಕಾರುತ್ತಾ ಎದ್ದು ಬಂದ. ಹೊರಗೆ ಯಾಕೆ ಬಂದಳು ಇವಳು ಎಂದ. ಕೂಗುತ್ತಾ ಬಂದಳು, ಕಣ್ಣು ಹಾಕಿದಳು, ದೋಣಿ ಹೋಯಿತು ಎಂದ. ಹೂಂ, ಹೂಂ ಎಂದು ಸುತ್ತ ನಿಂತವರೂ ದನಿಗೂಡಿಸಿದರು. ಒಬ್ಬಳು ಆಕೆಯ ಕಡೆಗೆ ಮಣ್ಣು ತೂರಿದಳು. ಆಯಿ ಒಂದೇ ಸಲ ನನ್ನ ಮುಖ ನೋಡಿದಳು. ನೂಲು ನಂದು, ತಪ್ಪು ನಂದು: ನಾಲ್ಕು ಮಾತು ಹೇಳಿದ್ದರೆ ಸಾಕಿತ್ತು. ದಂಡೆಯ ಏರಿನ ಮೇಲೆ ನನ್ನ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಿಂತಿದ್ದಳು. ಎಮ್ಮೆ ಕೊಟ್ಟವಳು ಅವಳು. ನನ್ನ ನಾಲಿಗೆ ಏಳಲಿಲ್ಲ. ಆಯಿ ಆ ನೂಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗುಡಿಸಲಿಗೆ ನಡೆದಳು.

ಮೂರನೆಯ ದಿನ ಹೆಣ್ಣು ಹುಟ್ಟಿತು. ಬಾಣಂತಿಗೆ ಹಾಲಿಲ್ಲ, ಹಟ್ಟಿಯಲ್ಲಿ ಎಮ್ಮೆಯಿಲ್ಲ. ಮಾರನೆಯ ಬೆಳಗ್ಗೆ ಹಿತ್ತಲ ಗೋಡೆಯ ಮೇಲೆ ಒಂದು ಗಿಂಡಿ ಆಡಿನ ಹಾಲು ಇತ್ತು. ಅದರ ಮರುದಿನವೂ ಇತ್ತು. ಊರಿನಲ್ಲಿ ಆ ಗಿಂಡಿ ಯಾರದೆಂದು ಎಲ್ಲರಿಗೂ ಗೊತ್ತು. ಮಲ್ಲಪ್ಪನ ಹೆಂಡತಿ ಚೆಲ್ಲು ಎಂದಳು. ನನ್ನ ಹೆಂಡತಿ ಚೆಲ್ಲಲಿಲ್ಲ. ಕುಡಿದಳು, ಅವಳ ಎದೆ ತುಂಬಿತು, ಕೂಸು ಉಳಿಯಿತು. ಒಂದು ತಿಂಗಳು ಒಂದು ದಿನವೂ ತಪ್ಪದೆ ಗಿಂಡಿ ಬಂತು.

ಸೊಲ್ಲಾಪುರಕ್ಕೆ ಹಿಂತಿರುಗುವ ಹಿಂದಿನ ದಿನ ಆಯಿಯ ಗುಡಿಸಲಿಗೆ ಹೋದೆ. ಆಡಿಗೆ ಸೊಪ್ಪು ಹಾಕುತ್ತಿದ್ದಳು. ಕಾಲಿಗೆ ಬಿದ್ದೆ. ಎಲ್ಲರ ಮುಂದೆ ಹೇಳಿಬಿಡುತ್ತೇನೆ ಎಂದೆ. ಆಕೆ ಸೊಪ್ಪು ಹಾಕುವುದನ್ನು ನಿಲ್ಲಿಸಲಿಲ್ಲ.

"ಈಗ ಬ್ಯಾಡ" ಎಂದಳು. "ತನ್ನ ಎಮ್ಮಿ ತನ್ನ ಗಂಡನ ಕೈಯಿಂದ ಹೋತು ಅಂತ ತಿಳದ್ರ ಆ ಹುಡುಗಿ ಹಾಲ ಮತ್ತ ಬತ್ತತಾವ. ಕೂಸು ಎದಿ ಬಿಡಲಿ. ಆಮ್ಯಾಲ ಬಂದು ಹೇಳು."

ಕೂಸು ಎದೆ ಬಿಟ್ಟಿತು. ನಡೆಯಿತು, ಮಾತಾಡಿತು, ಮಗಳು ಈಗ ಸಾಲೆಗೆ ಹೋಗುತ್ತಾಳೆ. ಮಿಲ್ಲಿನವರು ನನ್ನನ್ನು ಮತ್ತೆ ಕರೆದರು, ಅದೇ ಗಂಜಿ ಖಾತೆಗೆ. ಹೆಂಡತಿ ತವರಿಗೆ ಹೋದಾಗಲೆಲ್ಲ ಆಯಿಯ ಸುದ್ದಿ ತರುತ್ತಿದ್ದಳು. ಯಾರೂ ಆಕೆಯನ್ನು ದೋಣಿ ನೋಡಲು ಕರೆಯುವುದಿಲ್ಲವಂತೆ. ಹೊಸ್ತಿಲ ಮೇಲೆ ಮೀನು ಇಡುವುದಿಲ್ಲವಂತೆ. ಆಡು ಮಾರಿದಳಂತೆ. ಪ್ರತಿ ಸಲವೂ ಕೇಳುತ್ತಾಳಂತೆ, ಮಗಳು ಎಷ್ಟು ಎತ್ತರವಾಗಿದ್ದಾಳೆ, ನಿನ್ನ ಗಂಡ ಯಾವಾಗ ಬರುತ್ತಾನೆ ಎಂದು. ಮುಂದಿನ ವರ್ಷ ಎಂದು ಹೇಳು ಅನ್ನುತ್ತಿದ್ದೆ. ಅವಳು ಹಾಗೇ ಹೋಗಿ ಹೇಳುತ್ತಿದ್ದಳು.

ಸುದ್ದಿ ತಂದ ದಿನ ಮಲ್ಲಪ್ಪ ಜೋಳದ ಚೀಲಕ್ಕೆ ಒರಗಿ ಕೂತು ಮಾತು ಮುಂದುವರಿಸಿದ. ಎರಡು ದಿನ ಬಾಗಿಲು ತೆಗೆದಿರಲಿಲ್ಲವಂತೆ. ಊರಿನವರೇ ಒಡೆದು ಒಳಗೆ ಹೋದರಂತೆ. ಹಿಟ್ಟಿನ ಮಡಕೆ ತಳ ಕಾಣುತ್ತಿತ್ತಂತೆ. ದೀಪದ ಗೂಡಿನಲ್ಲಿ, ಬಟ್ಟೆಯಲ್ಲಿ ಸುತ್ತಿ ಇಟ್ಟ ಒಂದು ಹಿಡಿ ನೂಲು ಸಿಕ್ಕಿತಂತೆ. ಚೆನ್ನಾಗಿ ತೊಳೆದು ಒಣಗಿಸಿ ಇಟ್ಟ ಬಿಳಿ ನೂಲು. "ಮಾಟದ ನೂಲ ಇರಬೇಕು, ಹೊಳಿಗಿ ಒಗದ ಬಂದ್ವಿ" ಎಂದ.

ಹೆಂಡತಿ ಅಲ್ಲೇ ಕೂತು ಪುಂಡಿಪಲ್ಯ ಸೋಸುತ್ತಿದ್ದಳು. ಮಾಟದ್ದಲ್ಲ, ಅದು ನನ್ನ ನೂಲು ಎಂದೆ. ಆಮೇಲೆ ಎಲ್ಲ ಹೇಳಿದೆ. ಅವಳ ತಲೆಯ ಕೆಳಗಿನಿಂದ ಎಳೆದ ಮೂಟೆ, ಬೆಳ್ಳಗಾದ ನೀರು, ಆಯಿ ನಾಲಿಗೆಗೆ ಮುಟ್ಟಿಸಿದ ಎಳೆ, ಕೂಸು ಎದೆ ಬಿಟ್ಟ ಮೇಲೆ ಬಂದು ಹೇಳು ಎಂದಿದ್ದು, ಎಲ್ಲ. ಹೆಂಡತಿ ಎಮ್ಮೆಯ ಮಾತೆತ್ತಲಿಲ್ಲ. ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟು ನನ್ನ ಕಡೆ ನೋಡಿದಳು.

"ಆಕಿ ಸಾಯೂತನಕಾ ಕಾದ್ರಿ?" ಎಂದಳು.

ಆಮೇಲೆ ಎದ್ದು ಒಳಗೆ ಹೋದಳು. ಇವತ್ತಿಗೆ ಆರು ದಿನ, ನನ್ನ ಜೊತೆ ಮಾತಾಡಿಲ್ಲ.